ಅಕ್ಕ ಕಟ್ಟೆಗೆ ತಂದ ಹುಳ

ನಮ್ಮ ಅಕ್ಕ ಸತ್ತಿದ್ದು ಎದೆಯ ಕ್ಯಾನ್ಸರಿನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿಯುತ್ತಾಳೇನೋ ಅಂತ ಓದುವವರು ಕೊನೆಯವರೆಗೂ ಕಾದು ಕೂರುವುದು ನನಗೆ ಇಷ್ಟವಿಲ್ಲ. ಉಳಿಯಲಿಲ್ಲ. ಆದರೆ ಹೋಗುವ ಮೊದಲು ಒಂದು ಕೆಲಸ ಮಾಡಿ ಹೋದಳು. ನಾನು ಬರೆಯಲು ಕೂತಿರುವುದು ಆ ಕೆಲಸಕ್ಕಾಗಿ, ಅಳುವುದಕ್ಕಲ್ಲ.

ನಾವಿಬ್ಬರೂ ಹುಟ್ಟಿದ್ದು ಗೌನಿಪಲ್ಲಿಯ ಆಚೆ, ಸ್ವಲ್ಪ ನಡೆದರೆ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಾಲೆ ಅಂದರೂ ನನಗೆ ಮೂರನೇ ಕ್ಲಾಸಿನವರೆಗೆ. ಅಕ್ಕನಿಗೆ ಅದೂ ಇಲ್ಲ. ಅವಳನ್ನು ವಕ್ಕಲೇರಿ ಕಡೆಯ ಹಳ್ಳಿಗೆ ಕೊಟ್ಟರು. ಎರಡು ವರ್ಷದ ಮೇಲೆ ಅವಳ ಮೈದುನನಿಗೆ ನನ್ನನ್ನು ಕೊಟ್ಟರು. ಹಾಗಾಗಿ ಅವಳು ನನಗೆ ಅಕ್ಕನೂ ಹೌದು, ಓರಗಿತ್ತಿಯೂ ಹೌದು. ಒಂದೇ ಮನೆ, ಒಂದೇ ಒಲೆ. ಜಗಳವಾಡಿದ್ದೇವೆ. ಒಂದು ಸಲ ಒಂದು ತಿಂಗಳು ಮಾತು ಬಿಟ್ಟು, ಏನಾದರೂ ಹೇಳಬೇಕಾದರೆ ಹಸುವಿನ ಕಡೆ ತಿರುಗಿ ಹೇಳುತ್ತಿದ್ದೆವು.

ಹೊಲ ಗಂಡಸರದು, ರೇಷ್ಮೆ ಹುಳ ನಮ್ಮದು. ಹಿತ್ತಿಲ ಕಡೆ ಹುಳಕ್ಕೇ ಅಂತ ಒಂದು ಉದ್ದನೆಯ ಕೋಣೆ ಇತ್ತು. ಅದರಲ್ಲಿ ಒಂದರ ಮೇಲೊಂದು ಜೋಡಿಸಿದ ಬಿದಿರಿನ ತಟ್ಟೆಗಳು. ಮೊಟ್ಟೆಯೊಡೆದಾಗ ಎಳ್ಳಿಗಿಂತ ಸಣ್ಣಗಿರುವ ಹುಳ, ಹಿಪ್ಪುನೇರಳೆ ಸೊಪ್ಪು ತಿಂದು ತಿಂದು, ನಾಲ್ಕು ಸಲ ಜ್ವರಕ್ಕೆ ಮಲಗಿ ಏಳುತ್ತದೆ. ಜ್ವರ ಅಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮೊದಲು ಏನೂ ತಿನ್ನದೆ ತಲೆಯೆತ್ತಿ ಸುಮ್ಮನಿರುವುದನ್ನು ನಾವು ಹಾಗನ್ನುತ್ತೇವೆ. ತಿಂಗಳು ತುಂಬುವ ಹೊತ್ತಿಗೆ ಬೆರಳಷ್ಟಾಗಿ ಗೂಡು ಕಟ್ಟುತ್ತದೆ. ಬಾಣಂತನದ ಮನೆಯಲ್ಲೂ ಅಷ್ಟು ಕೆಲಸ ಇರುವುದಿಲ್ಲ.

ಅಕ್ಕನ ಕೈಯಲ್ಲಿ ಹುಳ ಸಾಯುತ್ತಿರಲಿಲ್ಲ. ಸುಣ್ಣಕಟ್ಟು ರೋಗ ಬಂದು ಊರಿನ ಅರ್ಧ ಮನೆಗಳ ಹುಳ ತಿಪ್ಪೆ ಸೇರಿದ ವರ್ಷವೂ ನಮ್ಮ ಗೂಡು ಮಾರ್ಕೆಟ್ಟಿಗೆ ಹೋಯಿತು. ಅದಕ್ಕೆ ಅವಳು ಮಡಿ ಮೈಲಿಗೆ ಅಂತ ಪೂಜೆ ಮಾಡುತ್ತಿರಲಿಲ್ಲ, ತೊಳೆಯುತ್ತಿದ್ದಳು. ಕಾಲು ತೊಳೆಯದೆ ಒಳಗೆ ಹೋಗುವ ಹಾಗಿಲ್ಲ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಇಡುವ ಮೊದಲು ಕೋಣೆಗೆಲ್ಲ ಫಾರ್ಮಲಿನ್ ಹೊಡೆಯಬೇಕು. ಕಣ್ಣು ಮೂಗು ಕಿತ್ತುಹೋಗುವಂಥ ಘಾಟು. ಗಂಡಸರು ಬಾಗಿಲಲ್ಲೇ ಕೆಮ್ಮಿ ಓಡುತ್ತಿದ್ದರು. ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ನಿಂತು ಮೂಲೆ ಮೂಲೆಗೂ ಹೊಡೆಯುತ್ತಿದ್ದಳು. ಆಚೆ ಬಂದಾಗ ಕಣ್ಣು ಕೆಂಡದ ಹಾಗಿರುತ್ತಿತ್ತು. ‘ಆಯ್ತು, ಇನ್ನು ಯಾವ ರೋಗ ಬರ್ತದೋ ಬರ್ಲಿ’ ಅನ್ನುತ್ತಿದ್ದಳು.

ಇನ್ನೊಂದು ಕಟ್ಟುನಿಟ್ಟು, ಅದು ನಮ್ಮ ಮನೆಯದು ಮಾತ್ರವಲ್ಲ, ಊರಿನದೇ. ಹುಳವನ್ನು ಹೊರಗಿನವರ ಕಣ್ಣಿಗೆ ತೋರಿಸಬಾರದು. ಯಾರಾದರೂ ಬಂದರೆ ಹೊಸ್ತಿಲಾಚೆ ನಿಂತು ಮಾತಾಡಬೇಕು. ದೃಷ್ಟಿಯಾಗುತ್ತದೆ ಅಂತ ಎಲ್ಲರೂ ನಂಬಿದ್ದೆವು. ನಮ್ಮ ಸ್ವಂತ ತಾಯಿ ಬಂದಾಗಲೂ ಅಕ್ಕ ಒಳಗೆ ಬಿಟ್ಟಿರಲಿಲ್ಲ. ‘ಏಮೇ, ನೇನು ನೀ ಅಮ್ಮನೇ’ ಅಂತ ಅಮ್ಮ ಬೈದರೆ, ‘ಅಮ್ಮ ಆದ್ರೇನು, ಕಣ್ಣು ಕಣ್ಣೇ’ ಅಂದಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಹಾಗೆ ನಮ್ಮ ಪಕ್ಕದ ತೋಟಕ್ಕೆ ಟೊಮೇಟೊ ಬಂತು. ಆ ತೋಟದವನು ನಮ್ಮ ಗಂಡಂದಿರಿಗೆ ದಾಯಾದಿ, ತಮ್ಮನಾಗಬೇಕು. ಅಕ್ಕನನ್ನು ತೆಲುಗಿನಲ್ಲಿ ‘ವದಿನಾ’ ಅನ್ನುತ್ತಿದ್ದ, ಅಂದರೆ ಅತ್ತಿಗೆ. ಮಾತು ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ. ಟೊಮೇಟೊಗೆ ವಾರಕ್ಕೊಂದು ಸಲ, ಕಾಯಿಗೆ ಹುಳ ಹೆಚ್ಚಾದರೆ ಎರಡು ಸಲ ಔಷಧಿ ಹೊಡೆಯುತ್ತಿದ್ದ. ಗಾಳಿ ಇತ್ತ ಬೀಸಿದರೆ ನಮ್ಮ ಸೊಪ್ಪಿನ ಮೇಲೂ ಬೀಳುತ್ತಿತ್ತು. ಆ ಸೊಪ್ಪನ್ನು ತಿಂದರೆ ರೇಷ್ಮೆ ಹುಳ ತಲೆಯಾಡಿಸಿ, ಹಸಿರು ನೀರು ಕಕ್ಕಿ, ಸುರುಟಿಕೊಂಡು ಸಾಯುತ್ತದೆ. ಒಂದು ತಟ್ಟೆ ಹಾಗೆ ಹೋದ ಮೇಲೆ ಅಕ್ಕ ಒಂದು ದಾರಿ ಕಂಡುಕೊಂಡಳು. ಗಾಳಿಗೆ ಸಿಕ್ಕ ಸೊಪ್ಪು ಅಂತ ಅನುಮಾನ ಬಂದರೆ, ಮೂಲೆಯ ಚಿಕ್ಕ ತಟ್ಟೆಯಲ್ಲಿ ಹತ್ತು ಹುಳ ಬಿಟ್ಟು ಮೊದಲು ಅವಕ್ಕೆ ಹಾಕುವುದು. ಮಧ್ಯಾಹ್ನದವರೆಗೆ ಅವು ಚೆನ್ನಾಗಿದ್ದರೆ ಮಿಕ್ಕವಕ್ಕೆ. ಇಲ್ಲದಿದ್ದರೆ ಆ ಸೊಪ್ಪು ಬೇಡ. ಯಾರೂ ಹೇಳಿಕೊಟ್ಟದ್ದಲ್ಲ ಅದು. ರೇಷ್ಮೆ ಇಲಾಖೆಯವನು ಒಂದು ದಿನ ನೋಡಿ, ‘ಇದನ್ನ ನಿಮಗೆ ಯಾರು ಕಲಿಸಿದ್ರಮ್ಮಾ?’ ಅಂತ ಕೇಳಿದ. ‘ಹುಳಾನೇ’ ಅಂದಳು.

ಬೇಡವಾದ ಸೊಪ್ಪನ್ನು ಬಿಸಾಡುತ್ತಿರಲಿಲ್ಲ. ಎಷ್ಟು ಕಷ್ಟಪಟ್ಟು ಬೆಳೆದ ಸೊಪ್ಪು! ಹಸುವಿಗೆ ಹಾಕುತ್ತಿದ್ದೆವು. ಹಸು ಸಾಯಲಿಲ್ಲ, ಹಾಲು ಕೊಟ್ಟಿತು. ಹಾಲನ್ನು ನಾವು ಕುಡಿದೆವು, ಮಕ್ಕಳಿಗೆ ಕುಡಿಸಿದೆವು. ಇದರಲ್ಲಿ ಏನಾದರೂ ತಪ್ಪಿದೆ ಅಂತ ನಮಗಿಬ್ಬರಿಗೂ ಅಷ್ಟು ವರ್ಷ ಹೊಳೆಯಲಿಲ್ಲ.

ಎಂಬತ್ತನೇ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಒಂದು ದಿನ ಮೈಗೆ ನೀರು ಹುಯ್ದುಕೊಳ್ಳುತ್ತಿದ್ದ ಅಕ್ಕ ನನ್ನನ್ನು ಬಚ್ಚಲಿಗೆ ಕರೆದು, ‘ಇಲ್ಲಿ ಮುಟ್ಟಿ ನೋಡೇ’ ಅಂದಳು. ಎಡಗಡೆ, ಕಂಕುಳಿನ ಹತ್ತಿರ, ಹಲಸಿನ ಬೀಜದಷ್ಟು ಗಟ್ಟಿ ಗಂಟು.

‘ಯಾವಾಗಿಂದ?’

‘ಯುಗಾದಿಯಿಂದ ಇರಬೇಕು. ನೋವಿಲ್ಲ.’

‘ಯುಗಾದಿಯಿಂದ ಇಟ್ಕೊಂಡು ಕೂತಿದೀಯಾ? ನಾಳೆನೇ ಕೋಲಾರಕ್ಕೆ ಹೋಗಾಣ.’

‘ನಾಳೆ ಹೆಂಗೆ? ಹುಳ ನಾಲ್ಕನೇ ಜ್ವರ ಎದ್ದೈತೆ. ಗೂಡು ಕಟ್ಲಿ, ಆಮೇಲೆ.’

ಕಟ್ಟಲಿ ಅಂದೆ ನಾನೂ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನಾಲ್ಕನೇ ಜ್ವರ ಎದ್ದ ಹುಳವನ್ನು ಬಿಟ್ಟು ಯಾವ ಹೆಂಗಸೂ ಆ ಕಾಲದಲ್ಲಿ ಮನೆ ದಾಟುತ್ತಿರಲಿಲ್ಲ. ಆ ಬೆಳೆ ಮುಗಿಯಿತು, ಮನೆಯಲ್ಲಿ ಒಂದು ಮದುವೆ ಬಂತು, ಇನ್ನೊಂದು ಬೆಳೆ ಇಟ್ಟಳು. ಕೊನೆಗೂ ಹೋದಾಗ, ಕೋಲಾರದ ಡಾಕ್ಟರಮ್ಮ ನೋಡಿದ ದಿನವೇ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಎಡಗಡೆಯದನ್ನು ಪೂರ್ತಿ ತೆಗೆದರು. ಆಮೇಲೆ ಕರೆಂಟು, ಡಾಕ್ಟರು ರೇಡಿಯೇಶನ್ ಅನ್ನುವುದು, ಕೊಡಿಸಲು ದಿನಾ ಹೋಗಬೇಕಾಗಿತ್ತು. ಅಲ್ಲೇ ಹತ್ತಿರದ ಛತ್ರದಲ್ಲಿ ಉಳಿದುಕೊಂಡೆವು.

ಕರೆಂಟಿನ ಕೋಣೆಯ ಮುಂದೆ ಒಂದು ಉದ್ದನೆಯ ಬೆಂಚು. ಅಕ್ಕನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಪಕ್ಕ ಕೂತವರನ್ನೆಲ್ಲ ಮಾತಾಡಿಸಿದಳು. ಶ್ರೀನಿವಾಸಪುರದ ಮಾವಿನ ತೋಪಿನವಳೊಬ್ಬಳು. ಹೂವು ಬಿಟ್ಟಾಗಿನಿಂದ ತೋಪಿಗೆ ಔಷಧಿ ಹೊಡೆಯುವವರಿಗೆ ಬುತ್ತಿ ಹೊತ್ತವಳು. ಮಾಲೂರಿನ ಕಡೆ ಕೋಸು ಬೆಳೆಯುವವಳೊಬ್ಬಳು. ಪುಡಿಯನ್ನು ಬಕೆಟ್ಟಿನಲ್ಲಿ ಕೈಯಿಂದಲೇ ಕಲೆಸುತ್ತಿದ್ದಳಂತೆ, ಮೊಣಕೈವರೆಗೆ. ಅಕ್ಕ ನನ್ನ ಕಡೆ ನೋಡಿದಳು. ಮೂರನೆಯವಳು ಮುಳಬಾಗಿಲಿನ ಪೇಟೆಯವಳು, ಮೇಷ್ಟರ ಹೆಂಡತಿ. ಅವಳು ತನ್ನ ಜನ್ಮದಲ್ಲಿ ಹೊಲಕ್ಕೆ ಕಾಲಿಟ್ಟವಳಲ್ಲ. ಅದನ್ನೂ ಇಲ್ಲಿ ಬರೆಯಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ.

ಆವತ್ತು ಛತ್ರಕ್ಕೆ ವಾಪಸು ನಡೆಯುವಾಗ ಅಕ್ಕ ರಸ್ತೆಯಲ್ಲಿ ನಿಂತಳು. ‘ಹುಳಕ್ಕೆ ಬೇಡ ಅಂತ ತೆಗೆದಿಟ್ಟಿದ್ದನ್ನ ಹಸೂಗೆ ಹಾಕ್ತಿದ್ವಲ್ಲೇ’ ಅಂದಳು. ಅಷ್ಟೇ.

ಮಾರನೆಯ ದಿನ ಡಾಕ್ಟರನ್ನು ನಾನೇ ಕೇಳಿದೆ. ‘ಸ್ವಾಮಿ, ಇದು ತೋಟಕ್ಕೆ ಹೊಡೆಯೋ ಔಷಧಿಯಿಂದ ಬರ್ತದಾ?’ ವಯಸ್ಸಾದ ಡಾಕ್ಟರು, ಒಳ್ಳೆಯವರು. ‘ಒಬ್ಬರಿಗೆ ಯಾತರಿಂದ ಬಂತು ಅಂತ ಹೇಳೋಕಾಗಲ್ಲಮ್ಮ’ ಅಂದರು. ‘ಇಲ್ಲ ಅಂತೀರಾ?’ ಅಂದೆ. ‘ಇಲ್ಲ ಅಂತಲೂ ಹೇಳಲ್ಲ. ಆದ್ರೆ ಅದನ್ನ ಕುಡಿಯೋದು, ಮೈಗೆ ತಗುಲಿಸಿಕೊಳ್ಳೋದು ಯಾರಿಗೂ ಒಳ್ಳೇದಲ್ಲ.’ ಅಕ್ಕ ಆ ಕೊನೆಯ ಮಾತನ್ನು ಮಾತ್ರ ಗಂಟು ಹಾಕಿಕೊಂಡಳು. ಯಾಕೆ ಬಂತು ಅನ್ನುವುದು ನನ್ನ ಪ್ರಶ್ನೆ, ಈಗಲೂ ನನ್ನದೇ. ಅವಳ ಪ್ರಶ್ನೆ ಬೇರೆ: ಊರಲ್ಲಿ ಇನ್ನೂ ಯಾರು ಯಾರು ಕುಡಿಯುತ್ತಿದ್ದಾರೆ?

ಆ ಪ್ರಶ್ನೆಗೆ ಕಾರಣ ನಮ್ಮ ಬಾವಿ. ನಮ್ಮ ಮತ್ತು ಆ ಟೊಮೇಟೊದವನ ತೋಟದ ನಡುವೆ ಒಂದು ಬಾವಿ, ತಾತಂದಿರ ಕಾಲದ್ದು, ಎರಡು ಮನೆಗೂ ಪಾಲು. ಅದಕ್ಕೆ ಪಂಪ್‌ಸೆಟ್ ಇಟ್ಟಿದ್ದರು. ನೀರು ಮೊದಲು ಒಂದು ಕಲ್ಲಿನ ತೊಟ್ಟಿಗೆ ಬಿದ್ದು, ಅಲ್ಲಿಂದ ಕಾಲುವೆಗೆ ಹೋಗುತ್ತಿತ್ತು. ಊರೊಳಗಿನ ಬಾವಿಯ ನೀರು ಉಪ್ಪು, ಬೇಳೆ ಬೇಯುವುದಿಲ್ಲ. ಹಾಗಾಗಿ ಅರ್ಧ ಊರು ಕುಡಿಯುವ ನೀರನ್ನು ಆ ತೊಟ್ಟಿಯಿಂದಲೇ ತರುತ್ತಿತ್ತು. ಅದೇ ತೊಟ್ಟಿಯಲ್ಲಿ ಅವನ ಕೂಲಿಯವರು ಬೆನ್ನಿನ ಮೇಲಿನ ಔಷಧಿ ಕ್ಯಾನನ್ನು ಇಳಿಸಿ, ಅದ್ದಿ, ಜಾಲಾಡಿ ತೊಳೆಯುತ್ತಿದ್ದರು. ನಾವೆಲ್ಲ ನೋಡುತ್ತಲೇ ಇದ್ದೆವು. ಸ್ವಲ್ಪ ಹೊತ್ತು ಬಿಟ್ಟು ಬಿಂದಿಗೆ ಅದ್ದುತ್ತಿದ್ದೆವು.

ಊರಿಗೆ ಬಂದ ಅಕ್ಕ ಮೊದಲು ದರ್ಜಿಯ ಹತ್ತಿರ ಹೋದಳು. ‘ರವಿಕೆ ಎಡಗಡೆ ಚಪ್ಪಟೆಯಾಗಿ ಹೊಲಿಯಪ್ಪ. ಬಟ್ಟೆ ಮಿಕ್ಕಿದ್ರೆ ನೀನೇ ಇಟ್ಕೋ’ ಅಂದಳು. ಅವನು ತಲೆಯೆತ್ತಲಿಲ್ಲ. ಹತ್ತಿಯನ್ನೋ ಬಟ್ಟೆಯನ್ನೋ ತುಂಬಿಕೊಂಡು ಓಡಾಡು ಅಂತ ನಾನೇ ಹೇಳಿದ್ದೆ. ‘ಯಾರಿಗೆ ತೋರ್ಸಕ್ಕೆ?’ ಅಂದಳು. ನೋಡಲು ಬಂದವರೆಲ್ಲ ಒಂದೊಂದು ಕಾರಣ ತಂದರು. ಒಬ್ಬಳು, ಅಷ್ಟು ವರ್ಷ ಹುಳ ಬೇಯಿಸಲು ಕಳಿಸಿದ ಪಾಪ ಅಂದಳು. ಅಕ್ಕ ತಕ್ಷಣ, ‘ಸಾಕಿದ ನಂಗೆ ಬಂದ್ರೆ, ಬೇಯ್ಸಿ ತೆಗೆದ ಸೀರೆ ಉಟ್ಟೋರಿಗೆ ಎರಡು ಕಡೆನೂ ಬರಬೇಕಿತ್ತಲ್ಲಾ?’ ಅಂದಳು. ಬಂದವಳು ಮದುವೆ ಮನೆಗೆ ಹೊರಟಿದ್ದಳು, ರೇಷ್ಮೆ ಸೀರೆಯಲ್ಲೇ ಇದ್ದಳು. ಕಾಫಿ ಕುಡಿಯದೆ ಎದ್ದುಹೋದಳು.

ಕೈ ಎತ್ತಲು ಆಗುವ ಹಾಗಾದ ಮೇಲೆ ಅಕ್ಕ ತೊಟ್ಟಿಯ ಹತ್ತಿರ ಹೋಗಿ ನಿಂತಳು. ನಾನೂ ಹೋದೆ.

‘ಕ್ಯಾನು ಇಲ್ಲಿ ತೊಳೀಬೇಡ ಕಣಯ್ಯಾ. ಜನ ಕುಡಿಯೋ ನೀರು.’

‘ಏನು ವದಿನಾ, ಬೆಂಗಳೂರಿಗೆ ಹೋಗಿ ಡಾಕ್ಟರಾಗಿ ಬಂದ್ರಾ?’ ಅಂದ ಆ ಟೊಮೇಟೊದವನು. ‘ಹರಿಯೋ ನೀರಿಗೆ ಏನಾಗ್ತದೆ? ನಾನೂ ಇದನ್ನೇ ಕುಡಿಯೋದು. ನೋಡಿ, ಗುಂಡುಕಲ್ಲಿದ್ದಂಗಿದೀನಿ.’

‘ನೀನು ಕಲ್ಲೇ. ಕುಡಿಯೋರೆಲ್ಲಾ ಕಲ್ಲಲ್ಲ.’

ಕೂಲಿಯವರು ನಕ್ಕರು. ಅವನೂ ನಕ್ಕ, ಆದರೆ ಕ್ಯಾನು ತೆಗೆಯಲಿಲ್ಲ. ಊರಿನ ಗಂಡಸರನ್ನು ಕೇಳಿದೆವು. ಅವನ ತೋಟದಲ್ಲಿ ಅರ್ಧ ಊರಿಗೆ ಕೆಲಸ, ಯಾರೂ ಬಾಯಿಬಿಡಲಿಲ್ಲ. ನಮ್ಮ ಭಾವ ಕೂಡ, ‘ಪಾಲಿನ ಬಾವಿ, ಜಗಳ ಯಾಕೆ? ನಿನಗೆ ಮೊದಲೇ ಮೈ ಸರಿಯಿಲ್ಲ’ ಅಂದರು. ‘ಮೈ ಸರಿಯಿಲ್ದೆ ಇರೋದಕ್ಕೇ ಬೇಗ ಆಗ್ಬೇಕು’ ಅಂದಳು ಅಕ್ಕ. ಅವಳಿಗೆ ಬೆನ್ನಿನಲ್ಲಿ ನೋವು ಶುರುವಾಗಿತ್ತು. ನನಗೆ ಹೇಳಿದ್ದಳು, ಭಾವನಿಗೆ ಹೇಳಿರಲಿಲ್ಲ.

ಆ ಸಲದ ಬೆಳೆಯನ್ನು ನಾನು ಸಾಕಿದ್ದೆ, ಅವಳು ಬಾಗಿಲಲ್ಲಿ ಕೂತು ಹೇಳಿಕೊಡುತ್ತಿದ್ದಳು. ಮೂರನೇ ಜ್ವರ ಎದ್ದಿತ್ತು. ಒಂದು ಬೆಳಗ್ಗೆ ಪಕ್ಕದ ತೋಟದಲ್ಲಿ ಔಷಧಿ ಹೊಡೆದು, ಕ್ಯಾನು ತೊಳೆದು ಮುಗಿಸಿದ್ದನ್ನು ನೋಡಿಕೊಂಡು ಬಂದ ಅಕ್ಕ, ‘ನಲವತ್ತು ಹುಳ ಎಣಿಸಿ ಕೊಡೇ’ ಅಂದಳು.

‘ಯಾಕೆ?’

‘ಕಟ್ಟೆಗೆ ತಗೊಂಡು ಹೋಗ್ತೀನಿ.’

ನಾನು ಬೆಪ್ಪಾದೆ. ತಾಯಿಗೂ ತೋರಿಸದವಳು ಹುಳವನ್ನು ಅರಳಿ ಕಟ್ಟೆಗೆ, ಊರಿನ ಕಣ್ಣ ಮುಂದೆ ಒಯ್ಯುತ್ತಾಳಂತೆ. ಭಾವ ಹೊಸ್ತಿಲಿಗೆ ಅಡ್ಡ ನಿಂತರು. ‘ಬುದ್ಧಿಗಿದ್ಧಿ ಐತಾ? ಬೀದಿಗೆ ತಂದ್ರೆ ಬೆಳೆಯೆಲ್ಲಾ ಹೋಗ್ತದೆ!’

‘ಹೋದ್ರೆ ಒಂದು ಬೆಳೆ ಹೋಗ್ತದೆ. ದಾರಿ ಬಿಡಿ.’

ದಾರಿ ಬಿಟ್ಟರು.

ಎರಡು ಮೊರ. ಒಂದೊಂದರಲ್ಲಿ ಇಪ್ಪತ್ತು ಹುಳ. ತೊಟ್ಟಿಯಿಂದ ಒಂದು ಬಿಂದಿಗೆ ನೀರು, ಊರೊಳಗಿನ ಉಪ್ಪು ಬಾವಿಯಿಂದ ಇನ್ನೊಂದು ಬಿಂದಿಗೆ. ನಮ್ಮ ತೋಟದಲ್ಲಿ ಔಷಧಿಯ ಗಾಳಿ ತಾಕದ ಆ ಕಡೆಯ ತುದಿಯಿಂದ ಕೊಯ್ದ ಸೊಪ್ಪನ್ನು ಎರಡು ಪಾಲು ಮಾಡಿ, ಒಂದನ್ನು ತೊಟ್ಟಿಯ ನೀರಿನಲ್ಲಿ, ಇನ್ನೊಂದನ್ನು ಉಪ್ಪು ನೀರಿನಲ್ಲಿ ಅದ್ದಿದಳು. ಎಲ್ಲವನ್ನೂ ಕಟ್ಟೆಯ ಮೇಲೆಯೇ, ನೋಡುವವರ ಮುಂದೆಯೇ. ಸುತ್ತ ಜನ ಸೇರಿದರು.

‘ಒದ್ದೆ ಸೊಪ್ಪು ಹಾಕಿದ್ರೆ ಹುಳ ಸಾಯದೆ ಇನ್ನೇನಾಗ್ತದೆ?’ ಅಂದ ಟೊಮೇಟೊದವನು. ಅದು ನಿಜವೇ, ಒದ್ದೆ ಸೊಪ್ಪು ಹುಳಕ್ಕೆ ಆಗುವುದಿಲ್ಲ. ಅಕ್ಕ ಮೊದಲೇ ಯೋಚಿಸಿದ್ದಳು. ಎರಡು ಪಾಲನ್ನೂ ಪಂಚೆಯ ಮೇಲೆ ಹರಡಿ ನೆರಳಲ್ಲಿ ಆರಲು ಬಿಟ್ಟಳು. ‘ನೀನೇ ಮುಟ್ಟಿ ನೋಡು, ಆರೈತಾ? ಆರೈತೆ ಅಂದ್ಮೇಲೆ ಹಾಕ್ತೀನಿ’ ಅಂದಳು. ಅವನು ಒಂದೊಂದು ಎಲೆಯನ್ನೂ ಮುಟ್ಟಿ, ‘ಹೂಂ’ ಅಂದ.

‘ಉಪ್ಪು ನೀರಿಂದು ಮೊದಲು ಸಾಯ್ತದೆ ನೋಡ್ತಿರಿ’ ಅಂದ ಒಬ್ಬ.

‘ಸತ್ರೆ ನಾನು ಎದ್ದು ಮನೆಗೆ ಹೋಗ್ತೀನಿ. ಮತ್ತೆ ಬಾಯಿ ಬಿಡಲ್ಲ’ ಅಂದಳು ಅಕ್ಕ.

ಹೊತ್ತು ನೆತ್ತಿಗೆ ಬಂದಾಗ ಸೊಪ್ಪು ಹಾಕಿದಳು. ಎರಡು ಮೊರದಲ್ಲೂ ಹುಳ ತಿನ್ನತೊಡಗಿದವು. ಜನ ಊಟಕ್ಕೆ ಹೋಗಿ ಬಂದರು. ಅಕ್ಕ ಏಳಲಿಲ್ಲ, ಕಟ್ಟೆಗೆ ಬೆನ್ನು ಒರಗಿಸಿಕೊಂಡು ಕೂತೇ ಇದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತೊಟ್ಟಿಯ ನೀರಿನ ಮೊರದಲ್ಲಿ ಒಂದು ಹುಳ ಎಲೆ ಬಿಟ್ಟು ತಲೆಯೆತ್ತಿತು. ಆಡಿಸಿತು. ಆಮೇಲೆ ಇನ್ನೊಂದು. ಹಸಿರು ಕಕ್ಕಿದವು. ಬೇರೆ ಊರಾಗಿದ್ದರೆ ಅದು ಏನು ಅಂತ ಹೇಳಬೇಕಾಗುತ್ತಿತ್ತು. ನಮ್ಮ ಊರಲ್ಲಿ ಮನೆ ಮನೆಯಲ್ಲೂ ಹುಳ. ಹೊತ್ತು ಮುಳುಗುವ ಮೊದಲು ಇಪ್ಪತ್ತರಲ್ಲಿ ಮೂರು ಬಿಟ್ಟು ಎಲ್ಲವೂ ಸುರುಟಿಕೊಂಡಿದ್ದವು. ಉಪ್ಪು ನೀರಿನ ಮೊರದಲ್ಲಿ ಇಪ್ಪತ್ತೂ ತಿನ್ನುತ್ತಲೇ ಇದ್ದವು.

ಗಂಡಸರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಟೊಮೇಟೊದವನ ಹೆಂಡತಿ ಎದ್ದು ಮನೆಗೆ ಹೋದಳು. ಬೆಳಗ್ಗೆ ತುಂಬಿಟ್ಟಿದ್ದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಬಂದು, ಗಂಡನ ಕಾಲ ಹತ್ತಿರ ಬೀದಿಗೆ ಸುರಿದಳು. ಅವಳನ್ನು ನೋಡಿ ಇನ್ನಿಬ್ಬರು ಹೆಂಗಸರು ತಮ್ಮ ಬಿಂದಿಗೆ ತರಲು ಹೋದರು.

ಟೊಮೇಟೊದವನು ಮೊರದಲ್ಲಿ ಸುರುಟಿದ್ದ ಹುಳವೊಂದನ್ನು ಬೆರಳಿಂದ ಹೊರಳಿಸಿ ನೋಡಿದ. ಆಮೇಲೆ ಕೇಳಿದ, ‘ಎಲ್ಲಿ ತೊಳೀಲಿ, ನೀವೇ ಹೇಳಿ ವದಿನಾ.’

ನನ್ನ ಅಕ್ಕನಿಗೆ ಓದು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನು ನಾನು ಓದಿ ಹೇಳಬೇಕಾಗಿತ್ತು. ಅವಳು ಆವತ್ತು ಮಾಡಿದ್ದನ್ನು ಓದಿದವರು ಯಾರೂ ನಮ್ಮ ಊರಿಗೆ ಬಂದು ಮಾಡಿರಲಿಲ್ಲ. ಜಂಬ ಅಂದರೆ ಅನ್ನಿ. ಜಂಬವೇ.

ತೋಟದ ಕೆಳಗೆ ಒಂದು ಗುಂಡಿ ತೋಡಿದರು, ಕ್ಯಾನು ತೊಳೆಯಲು. ಅಕ್ಕ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿಸಿಕೊಂಡು ನೋಡಲು ಬಂದಳು. ಅಷ್ಟೊತ್ತಿಗೆ ನಡೆಯಲು ಆಗುತ್ತಿರಲಿಲ್ಲ. ಎಲ್ಲರೂ ಹೊಗಳುತ್ತಾಳೆ ಅಂದುಕೊಂಡಿದ್ದರು. ಗಾಡಿಯಿಂದಲೇ ನೋಡಿ, ‘ಇದರ ನೀರು ಇಳಿಜಾರಲ್ಲಿ ಎಲ್ಲಿಗೆ ಹೋಗ್ತದೆ? ದನ ಕುಡಿಯೋ ಕುಂಟೆಗೆ. ಹಸು ಕುಡಿದಿದ್ದನ್ನ ನೀವು ಕುಡಿಯಲ್ವಾ? ಇನ್ನೂ ಆಚೆಗೆ ತೋಡಿ’ ಅಂದಳು. ಟೊಮೇಟೊದವನು ಗುದ್ದಲಿ ಎಸೆದು, ‘ಊರ್ಕೋ ವದಿನಾ, ಸಾಕು ಸುಮ್ಮನಿರಿ, ಪ್ರಾಣ ತೆಗೀತೀರಾ’ ಅಂದ. ‘ತೆಗೆಯೋಕೆ ಟೈಮಿಲ್ಲ ಕಣೋ, ಬೇಗ ತೋಡು’ ಅಂದಳು. ಎಲ್ಲರೂ ನಕ್ಕರು. ಆಮೇಲೆ ಅರ್ಥವಾಗಿ ಒಬ್ಬೊಬ್ಬರೇ ಗುದ್ದಲಿ ಎತ್ತಿಕೊಂಡರು. ಕುಂಟೆಗೆ ಇಳಿಜಾರಿಲ್ಲದ ಕಡೆ, ಕಲ್ಲುನೆಲದಲ್ಲಿ, ಎರಡು ದಿನ ಹಿಡಿದು ಇನ್ನೊಂದು ತೋಡಿದರು.

ರಾಗಿ ಕೊಯ್ಯುವ ಕಾಲಕ್ಕೆ ಅಕ್ಕ ಹೋದಳು. ಹಗಲು ಹೊತ್ತು, ನಾನು ಪಕ್ಕದಲ್ಲೇ ಇದ್ದೆ. ಬಹಳ ನೋವುಪಟ್ಟಳು. ಅದಕ್ಕೆ ಬಣ್ಣ ಹಚ್ಚುವುದಿಲ್ಲ.

ಯಾತರಿಂದ ಬಂತು? ಫಾರ್ಮಲಿನ್ನಾ, ಹಾಲಾ, ತೊಟ್ಟಿಯ ನೀರಾ, ಗಾಳಿಯಾ? ಅಥವಾ ಅವಳ ಮೈಯಲ್ಲೇ ಇತ್ತಾ? ನನಗೆ ಗೊತ್ತಿಲ್ಲ. ನಾನೂ ಅದೇ ಹಾಲು ಕುಡಿದವಳು, ಅದೇ ತೊಟ್ಟಿಯ ನೀರು ಹೊತ್ತವಳು. ನನಗೆ ಮೊಮ್ಮಕ್ಕಳಾಗಿ, ಹಲ್ಲೆಲ್ಲ ಹೋಗಿ, ಕೂತು ಬರೆಯುತ್ತಿದ್ದೇನೆ. ಅದನ್ನೇ ಹಿಡಿದು ಕೆಲವರು, ‘ಹಂಗಾದ್ರೆ ನಿಂಗ್ಯಾಕೆ ಬರ್ಲಿಲ್ಲ?’ ಅಂತ ಕೇಳಿದ್ದುಂಟು. ಮುಳಬಾಗಿಲಿನ ಆ ಮೇಷ್ಟರ ಹೆಂಡತಿಯೂ ನೆನಪಾಗುತ್ತಾಳೆ. ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಉತ್ತರ ಸಿಗುವವರೆಗೆ ಕುಡಿಯುತ್ತಲೇ ಇರಬೇಕು ಅಂತೇನೂ ಇಲ್ಲ. ಅನುಮಾನದ ಸೊಪ್ಪನ್ನು ನಾನು ಆಮೇಲೆ ಹಸುವಿಗೆ ಹಾಕಲಿಲ್ಲ, ಹೂತುಬಿಟ್ಟೆ. ಫಾರ್ಮಲಿನ್ ಹೊಡೆಯುವ ದಿನ ಹೆಂಗಸರು ಮಕ್ಕಳು ಯಾರೂ ಹಿತ್ತಿಲಿನಲ್ಲಿ ಇರುವ ಹಾಗಿಲ್ಲ ಅಂದೆ. ನನ್ನ ಗಂಡನೇ ಮೂಗಿಗೆ ದಪ್ಪ ಬಟ್ಟೆ ಕಟ್ಟಿ, ಕಿಟಕಿಯ ಆಚೆ ನಿಂತು ಹೊಡೆಯಬೇಕು ಅಂದೆ. ಗೊಣಗಿದರು, ಹೊಡೆದರು.

ಅವಳು ಹೋಗಿ ಎರಡು ಟೊಮೇಟೊ ಬೆಳೆ ಆಗಿತ್ತು. ಒಂದು ದಿನ ನಾನು ಬಿಂದಿಗೆ ಹಿಡಿದು ಹೋದಾಗ, ಬೇರೆ ಊರಿಂದ ಹೊಸದಾಗಿ ಕೂಲಿಗೆ ಬಂದಿದ್ದ ಗಂಡಸೊಬ್ಬ ಕ್ಯಾನು ಇಳಿಸಿ ತೊಟ್ಟಿಯ ಅಂಚಿಗೆ ಇಡುತ್ತಿದ್ದ. ನಾನು ಬಾಯಿ ತೆಗೆಯುವ ಮೊದಲೇ ಟೊಮೇಟೊ ಗಿಡಗಳ ನಡುವಿನಿಂದ ಆ ತೋಟದವನ ಹೆಂಡತಿ ಕೂಗಿದಳು.

‘ಏನ್ಲಾ ಅದು? ಅಲ್ಲಿ ಇಡಬೇಡ, ಎತ್ತು! ಆ ತೊಟ್ಟಿಗೆ ಕ್ಯಾನು ಹಾಕಂಗಿಲ್ಲ!’

‘ಯಾಕಮ್ಮಾ? ದೇವ್ರ ತೊಟ್ಟಿನಾ?’

‘ಅಲ್ಲ. ನಾವು ಕುಡಿಯೋ ತೊಟ್ಟಿ.’

ಅವನು ಕ್ಯಾನು ಎತ್ತಿಕೊಂಡು ಕಲ್ಲುನೆಲದ ಕಡೆ ನಡೆದ. ನಾನು ಬಿಂದಿಗೆ ತುಂಬಿಕೊಂಡು ಮನೆಗೆ ಬಂದೆ.